ಬ್ಯಾರಲ್ ಎಂಬ ಮೀನು ಮನೆಮಗಳಾದದ್ದು



ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತಿಮಿಂಗಿಲ ಅನ್ನುತ್ತೀರಿ. ನಾನು ಏಳನೇ ತರಗತಿಯವರನ್ನು ಕೇಳಿ ನೋಡಿದೆ, ಎಲ್ಲರೂ ಕೈ ಎತ್ತಿ ಅದನ್ನೇ ಅಂದರು. ಆದರೆ ತಿಮಿಂಗಿಲ ಮೀನೇ ಅಲ್ಲ. ಅದು ನಮ್ಮ ಎಮ್ಮೆಯ ಹಾಗೆ ಮರಿಗೆ ಹಾಲು ಕುಡಿಸುವ ಪ್ರಾಣಿ, ಉಸಿರು ತೆಗೆದುಕೊಳ್ಳಲು ನೀರಿನ ಮೇಲೆ ಬರಲೇಬೇಕು. ಮೀನುಗಳಲ್ಲಿ ದೊಡ್ಡದು ಬೇರೆ ಇದೆ. ಅದರ ಹೆಸರು ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಅದು ಶಾರ್ಕ್ ಜಾತಿಯದು, ಕಿವಿರಿನಿಂದ ಉಸಿರಾಡುವ ಅಪ್ಪಟ ಮೀನು.

ಎಷ್ಟು ದೊಡ್ಡದು? ಚೆನ್ನಾಗಿ ಬೆಳೆದದ್ದು 40 ಅಡಿ ಉದ್ದ ಇರುತ್ತದೆ. ನಮ್ಮ ಊರಿಗೆ ಬರುವ ಕೆಂಪು ಬಸ್ಸು ಹೆಚ್ಚುಕಡಿಮೆ ಅಷ್ಟೇ ಉದ್ದ. ಬಾಯಿ ತೆರೆದರೆ ನಾಲ್ಕೈದು ಅಡಿ ಅಗಲ. ಬಾಯೊಳಗೆ ಸಾವಿರಾರು ಹಲ್ಲುಗಳಿವೆ, ಆದರೆ ಒಂದೊಂದೂ ಅಕ್ಕಿ ನುಚ್ಚಿನಷ್ಟು. ಆ ಹಲ್ಲಿನಿಂದ ಅದು ಯಾರನ್ನೂ ಕಚ್ಚುವುದಿಲ್ಲ. ಬಾಯಿ ತೆರೆದು ನೀರು ಒಳಗೆ ಎಳೆದುಕೊಳ್ಳುತ್ತದೆ, ಕಿವಿರಿನ ಹತ್ತಿರ ಇರುವ ಜರಡಿಯಲ್ಲಿ ಸೋಸುತ್ತದೆ, ಉಳಿದ ಸಣ್ಣ ಸಣ್ಣ ಜೀವಿಗಳನ್ನು, ಮೀನಿನ ಮೊಟ್ಟೆಗಳನ್ನು ನುಂಗುತ್ತದೆ. ನಮ್ಮ ಅಜ್ಜಿ ಹಿಟ್ಟು ಜರಡಿ ಹಿಡಿಯುವ ಹಾಗೆ. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಊಟ! ವೇಗವೂ ಅಷ್ಟೇ, ಗಂಟೆಗೆ ಸುಮಾರು 5 ಕಿ.ಮೀ. ನಾವು ಶಾಲೆಗೆ ನಡೆದು ಬರುವ ವೇಗ. ಈ ನಿಧಾನವೇ ಅದಕ್ಕೆ ಮುಳುವಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಮೈಮೇಲೆ ಬಿಳಿ ಚುಕ್ಕೆಗಳಿವೆ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ವಿಜ್ಞಾನಿಗಳು ಅದರ ಫೋಟೋ ತೆಗೆದು, ಆಕಾಶದ ನಕ್ಷತ್ರಗಳನ್ನು ಗುರುತು ಹಿಡಿಯಲು ಮಾಡಿದ್ದ ಲೆಕ್ಕವನ್ನೇ ಈ ಚುಕ್ಕೆಗಳಿಗೆ ಹಾಕಿ, ಇದು ಹೋದ ವರ್ಷ ನೋಡಿದ್ದೋ ಹೊಸದೋ ಎಂದು ಕಂಡುಹಿಡಿಯುತ್ತಾರೆ. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ಶಾರ್ಕ್ ಅಂದ ತಕ್ಷಣ ಮನುಷ್ಯರನ್ನು ತಿನ್ನುವ ರಾಕ್ಷಸ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. 1975ರಲ್ಲಿ ಬಂದ ಜಾಸ್ ಎಂಬ ಇಂಗ್ಲಿಷ್ ಸಿನಿಮಾ ಲೋಕಕ್ಕೆಲ್ಲ ಈ ಹೆದರಿಕೆ ಹಂಚಿತಂತೆ. ನಿಜ ಲೆಕ್ಕ ಕೇಳಿ. ಶಾರ್ಕ್ ಕಚ್ಚಿ ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಸಾಯುವವರು ಸರಾಸರಿ ಹತ್ತು ಮಂದಿಯೂ ಇಲ್ಲ. ನಮ್ಮ ದೇಶವೊಂದರಲ್ಲೇ ಹಾವು ಕಚ್ಚಿ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಅದರಲ್ಲೂ ಹೆಚ್ಚಿನವರು ನಮ್ಮಂಥ ಹಳ್ಳಿಯವರು. ಈಗ ತಿರುಗಿಸಿ ಕೇಳೋಣ, ಮನುಷ್ಯರು ವರ್ಷಕ್ಕೆ ಎಷ್ಟು ಶಾರ್ಕ್ ಕೊಲ್ಲುತ್ತಾರೆ? 2013ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜು ಸುಮಾರು 10 ಕೋಟಿ. ಸೊನ್ನೆ ಹೆಚ್ಚಾಯಿತೇನೋ ಅಂತ ನಾನು ಎರಡು ಸಲ ಎಣಿಸಿದೆ. ಸರಿಯಾಗಿಯೇ ಇದೆ.

ಈಗ ಗುಜರಾತಿನ ಕಥೆಗೆ ಬರುತ್ತೇನೆ. ನಾನು ಈ ಪಾಠ ಬರೆಯಲು ಕೂತದ್ದೇ ಅದಕ್ಕಾಗಿ.

ಭೂಪಟದಲ್ಲಿ ಸೌರಾಷ್ಟ್ರ ನೋಡಿ, ಅರಬ್ಬಿ ಸಮುದ್ರಕ್ಕೆ ಮೂತಿ ಚಾಚಿದಂತೆ ಇದೆ. ಅಲ್ಲಿ ವೇರಾವಲ್, ಮಾಂಗ್ರೋಳ್, ಪೋರಬಂದರ್, ದ್ವಾರಕಾ ಎಂಬ ಊರುಗಳಿವೆ. (ಪೋರಬಂದರ್ ಗಾಂಧೀಜಿ ಹುಟ್ಟಿದ ಊರು, ಅದು ಎಲ್ಲರಿಗೂ ಗೊತ್ತು.) ಆ ಕಡಲಿಗೆ ತಿಮಿಂಗಿಲ ಶಾರ್ಕ್‌ಗಳು ಪ್ರತಿವರ್ಷ ಬರುತ್ತವೆ. ಅಲ್ಲಿನ ಮೀನುಗಾರರು ಮೊದಲಿನಿಂದಲೂ ಅದನ್ನು ಅಷ್ಟಿಷ್ಟು ಹಿಡಿಯುತ್ತಿದ್ದರು. ಮಾಂಸಕ್ಕಲ್ಲ, ಪಿತ್ತಜನಕಾಂಗದ ಎಣ್ಣೆಗೆ. ಆ ಎಣ್ಣೆಯನ್ನು ಮರದ ದೋಣಿಗೆ ಬಳಿದರೆ ನೀರು ಹಿಡಿಯುವುದಿಲ್ಲ.

ಇಲ್ಲಿ ಒಂದು ವಿಜ್ಞಾನದ ಮಾತು ಸೇರಿಸಬೇಕು. ನಮ್ಮ ಪುಸ್ತಕದಲ್ಲಿ ಮೀನಿಗೆ ಗಾಳಿಚೀಲ ಇರುತ್ತದೆ, ಅದರಿಂದ ತೇಲುತ್ತದೆ ಎಂದು ಓದಿದ್ದೇವೆ. ಶಾರ್ಕ್‌ಗಳಿಗೆ ಗಾಳಿಚೀಲ ಇಲ್ಲ, ಮೂಳೆಯೂ ಇಲ್ಲ, ಇರುವುದು ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೇ ಅದನ್ನು ನೀರಿನಲ್ಲಿ ಹಗುರ ಮಾಡುತ್ತದೆ. ಅಂದರೆ ತಾನು ಮುಳುಗದೆ ಇರಲು ಮೀನು ಇಟ್ಟುಕೊಂಡ ಎಣ್ಣೆಯನ್ನೇ, ತಮ್ಮ ದೋಣಿ ಮುಳುಗದೆ ಇರಲಿ ಎಂದು ಜನ ತೆಗೆಯುತ್ತಿದ್ದರು.

ಹಿಡಿಯುವ ರೀತಿ ಹೀಗಿತ್ತು. ನಿಧಾನವಾಗಿ ಮೇಲ್ಮೈಯಲ್ಲಿ ತೇಲುವ ಮೀನಿನ ಹತ್ತಿರ ದೋಣಿ ಒಯ್ದು ದೊಡ್ಡ ಕಬ್ಬಿಣದ ಕೊಕ್ಕೆ ಚುಚ್ಚುವುದು. ಕೊಕ್ಕೆಗೆ ಹಗ್ಗ, ಹಗ್ಗಕ್ಕೆ ಖಾಲಿ ಬ್ಯಾರಲ್‌ಗಳು. ಮೀನು ಆಳಕ್ಕೆ ಹೋಗಲು ನೋಡುತ್ತದೆ, ಬ್ಯಾರಲ್ ಮೇಲಕ್ಕೆ ಎಳೆಯುತ್ತದೆ. ದಣಿದು ಸೋತ ಮೇಲೆ ದಡಕ್ಕೆ ಎಳೆದು ತರುವುದು. ಇದರಿಂದಾಗಿ ಆ ಮೀನಿಗೇ ಅಲ್ಲಿ 'ಬ್ಯಾರಲ್' ಎಂದು ಹೆಸರು ಬಿತ್ತು. ಎಂಥ ಹೆಸರು ನೋಡಿ. ಕುರಿಗೆ ಕತ್ತಿ ಅಂತ ಹೆಸರಿಟ್ಟಂತೆ.

1990ರ ದಶಕದಲ್ಲಿ ಕೆಲಸ ಕೆಟ್ಟಿತು. ತೈವಾನ್ ಮುಂತಾದ ಕಡೆ ಇದರ ಮಾಂಸಕ್ಕೆ, ರೆಕ್ಕೆಗೆ ಬೆಲೆ ಬಂತು. ದೋಣಿಗೆ ಬಳಿಯುವಷ್ಟು ಬೇಕಿದ್ದದ್ದು ಹೊರದೇಶಕ್ಕೆ ಕಳಿಸುವಷ್ಟು ಬೇಕಾಯಿತು. ಆ ದಶಕದ ಕೊನೆಗೆ ವರ್ಷಕ್ಕೆ ನೂರಾರು ಮೀನು ಕೊಲ್ಲುತ್ತಿದ್ದರು. ಮೈಕ್ ಪಾಂಡೆ ಎಂಬವರು ಆ ದಡದ ಮೇಲೆ ನಡೆಯುವುದನ್ನು ಚಿತ್ರೀಕರಿಸಿ 2000ದಲ್ಲಿ 'ಶೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದನ್ನು ನೋಡಿದ ಮೇಲೆ ದೆಹಲಿಯಲ್ಲಿ ಚರ್ಚೆಯಾಯಿತು. 2001ರ ಮೇ 28ರಂದು ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಆ ಕಾಯ್ದೆಯಲ್ಲಿ ರಕ್ಷಣೆ ಪಡೆದ ಮೊದಲ ಮೀನು ಇದೇ. ಕೊಂದರೆ ಏಳು ವರ್ಷದವರೆಗೆ ಜೈಲು.

ಸರಿ, ಕಾನೂನು ಬಂತು. ಆದರೆ ದಡದಲ್ಲಿ ಇರುವ ಮೀನುಗಾರನಿಗೆ ಅದು ಹೇಗೆ ತಿಳಿಯಬೇಕು? ತಿಳಿದರೂ ಒಪ್ಪಬೇಕಲ್ಲ! ಅದೇ ವರ್ಷ ಜುಲೈಯಲ್ಲಿ ಎಲ್ಲಾ ಶಾರ್ಕ್, ತೊರಕೆ ಜಾತಿಯ ಮೀನುಗಳನ್ನೂ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಮೀನುಗಾರರು ನಮ್ಮ ಹೊಟ್ಟೆಗೇನು ಎಂದು ಗಲಾಟೆ ಎಬ್ಬಿಸಿದರು. ಡಿಸೆಂಬರಿನಲ್ಲಿ ಕೆಲವೇ ಜಾತಿ ಉಳಿಸಿಕೊಂಡು ಬಾಕಿಯವನ್ನು ಕೈಬಿಡಬೇಕಾಯಿತು. ಕಾಗದದ ಮೇಲೆ ಬರೆದದ್ದೆಲ್ಲ ಸಮುದ್ರದಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಊರೂರಿಗೆ ಹೋದರು. ಗಾಳಿ ತುಂಬಿದ ಆಳೆತ್ತರ ಮೀರಿದ ತಿಮಿಂಗಿಲ ಶಾರ್ಕ್ ಬೊಂಬೆಯನ್ನು ಒಯ್ದು ನಿಲ್ಲಿಸಿದರು, ಬೀದಿ ನಾಟಕ ಆಡಿಸಿದರು. ಗುಜರಾತಿನ ಮನೆಮನೆಯಲ್ಲಿ ರಾಮಕಥೆ ಹೇಳಿ ಹೆಸರಾದ ಮೊರಾರಿ ಬಾಪು ಅವರನ್ನು ಕರೆದರು. ಬಾಪು ಹೇಳಿದ ಮಾತಿನ ಸಾರ ಇಷ್ಟು. ಈ ಮೀನು ನಮ್ಮ ದಡಕ್ಕೆ ಬರುವುದು ಹೆಣ್ಣುಮಗಳು ಹೆರಿಗೆಗೆ ತವರಿಗೆ ಬಂದ ಹಾಗೆ. ಬಾಣಂತನಕ್ಕೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ? ಅಂದಿನಿಂದ ಬ್ಯಾರಲ್ ಹೆಸರು ಹೋಗಿ 'ವ್ಹಾಲಿ' ಎಂದಾಯಿತು. ವ್ಹಾಲಿ ಎಂದರೆ ಗುಜರಾತಿಯಲ್ಲಿ ಮುದ್ದಿನವಳು, ಪ್ರೀತಿಯವಳು.

ಇದನ್ನು ನಮ್ಮ ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹೌದಲ್ಲ ಮತ್ತ, ತವರಿಗೆ ಬಂದಾಕಿ ಕಣ್ಣಾಗ ನೀರು ತರಿಸಬಾರದು" ಅಂದಳು. ಎಂಟು ದಿನ ನಾನು ಅಂಕಿಸಂಖ್ಯೆ ಹೇಳಿದ್ದರೂ ಅವ್ವನಿಗೆ ತಾಗುತ್ತಿರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬೇಕು. ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಇದುವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಅವು ದಡದ ಹತ್ತಿರ ಬರುವುದು ಮುಖ್ಯವಾಗಿ ಆಹಾರಕ್ಕೆ. ಆದರೆ ಅದು ಮರಿ ಹಾಕುವ ಮೀನು ಎಂಬುದು ಮಾತ್ರ ಸತ್ಯ. 1995ರಲ್ಲಿ ತೈವಾನಿನಲ್ಲಿ ಒಂದು ಹೆಣ್ಣನ್ನು ಕೊಂದು ಹೊಟ್ಟೆ ಕೊಯ್ದಾಗ ಒಳಗೆ ಸುಮಾರು 300 ಮರಿಗಳು ಇದ್ದವು. ಅದಕ್ಕೂ ಮೊದಲು ಇದು ಮೊಟ್ಟೆ ಇಡುತ್ತದೆಂದೇ ಬಹಳ ಜನ ನಂಬಿದ್ದರು. ಒಂದು ತಾಯಿ ಸತ್ತ ಮೇಲೆ ಅದರ ಬಸಿರಿನ ವಿಷಯ ನಮಗೆ ತಿಳಿಯಿತು. ಈ ಸಾಲು ಬರೆಯುವಾಗ ನನಗೆ ಒಂಥರಾ ಆಯಿತು.

300 ಮರಿ ಅಂದರೆ ಬೇಕಾದಷ್ಟು ಆಯಿತಲ್ಲ ಎಂದು ನೀವು ಕೇಳಬಹುದು. ಆದರೆ ಮರಿ ದೊಡ್ಡದಾಗಿ ತಾನು ತಾಯಿಯಾಗಲು ಸುಮಾರು 25–30 ವರ್ಷ ಬೇಕು. ಬಂಗುಡೆ ಮೀನು ಒಂದೆರಡು ವರ್ಷಕ್ಕೆ ಮೊಟ್ಟೆ ಇಡುತ್ತದೆ, ಅದೂ ಸಾವಿರ ಸಾವಿರ. ಬಂಗುಡೆ ಹಿಡಿದರೆ ಜೋಳದ ತೆನೆ ಕೊಯ್ದಂತೆ, ಮುಂದಿನ ವರ್ಷ ಮತ್ತೆ ಬರುತ್ತದೆ. ದೊಡ್ಡ ಶಾರ್ಕ್ ಹಿಡಿಯುವುದು ಹುಣಸೆ ಮರ ಕಡಿದಂತೆ. ನೆಟ್ಟವನ ಮಗ ಹಣ್ಣು ತಿನ್ನಬೇಕು. ಬೇರೆ ಎಷ್ಟೋ ಜಾತಿ ಶಾರ್ಕ್‌ಗಳು ಒಂದು ಸಲಕ್ಕೆ ಹತ್ತು ಹನ್ನೆರಡು ಮರಿ ಮಾತ್ರ ಹಾಕುತ್ತವೆ. ಇದರಿಂದ ಏನಾಗಿದೆ ಎಂದರೆ, ತೆರೆದ ಸಮುದ್ರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ 2018ರ ಒಳಗೆ ಶೇಕಡಾ 71ರಷ್ಟು ಕುಸಿದಿದೆ ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ನೂರು ಇದ್ದಲ್ಲಿ 29 ಉಳಿದವು.

ಗುಜರಾತಿನಲ್ಲಿ ಮನಸ್ಸು ತಿರುಗಿತು, ಆದರೆ ಬರೀ ಭಾವನೆಯಿಂದ ಮನೆ ನಡೆಯುವುದಿಲ್ಲ. ಈಗ ಮೀನನ್ನು ಬೇಕೆಂದು ಯಾರೂ ಕೊಲ್ಲುತ್ತಿಲ್ಲ, ಆದರೆ ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಬಿಡಿಸಬೇಕಾದರೆ ಬಲೆ ಕೊಯ್ಯಬೇಕು. ಹೀಗೆ ಬಲೆ ಕೊಯ್ದವರಿಗೆ ಗುಜರಾತ್ ಸರ್ಕಾರ 25,000 ರೂಪಾಯಿವರೆಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಮೊದಲು ಅಧಿಕಾರಿಗಳು ದೋಣಿಯಲ್ಲಿ ಬಂದು ನೋಡಬೇಕಿತ್ತು, ಅಷ್ಟರಲ್ಲಿ ಮೀನು ಸುಸ್ತಾಗುತ್ತಿತ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಕೊಯ್ದು ಬಿಟ್ಟ ಫೋಟೋ ತೋರಿಸಿದರೆ ಸಾಕು. ಇದುವರೆಗೆ 900ಕ್ಕಿಂತ ಹೆಚ್ಚು ತಿಮಿಂಗಿಲ ಶಾರ್ಕ್‌ಗಳನ್ನು ಅಲ್ಲಿನ ಮೀನುಗಾರರು ಬಲೆ ಕೊಯ್ದು ಬಿಟ್ಟಿದ್ದಾರೆ. ಹಿಂದೆ ಕೊಕ್ಕೆ ಚುಚ್ಚಿದ ಕೈಗಳೇ!

ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ, ಇಲ್ಲಿ ಹಳ್ಳಕ್ಕೇ ನೀರಿಲ್ಲ ಎಂದು ನಗಬೇಡಿ. ನಮ್ಮ ಕೊಪ್ಪಳ ಕಡೆಯಿಂದ ಎಷ್ಟು ಜನ ಮಲ್ಪೆ, ಮಂಗಳೂರು ಬೋಟುಗಳಿಗೆ ದುಡಿಯಲು ಹೋಗಿದ್ದಾರೆ, ನಿಮ್ಮ ನಿಮ್ಮ ಓಣಿಯಲ್ಲೇ ಎಣಿಸಿ. ನನ್ನ ಸೋದರಮಾವನೂ ಅವರಲ್ಲಿ ಒಬ್ಬ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ಮೀನು ಹಿಡಿಯಲು ನಿಷೇಧ, ಮೀನು ಮರಿ ಮಾಡುವ ಕಾಲ ಅಂತ. ಆಗ ಮಾವ ಬಿತ್ತನೆಗೆ ಊರಿಗೆ ಬರುತ್ತಾನೆ. ಈ ಸಲ ಬಂದಾಗ ನಾನು ಚುಕ್ಕೆ ಮೀನಿನ ಚಿತ್ರ ತೋರಿಸಿದೆ. ಮಾವ ನೋಡಿದವನೇ, "ಇದು ನಮ್ಮ ಬಲ್ಯಾಗೂ ಬಿದ್ದಿತ್ತು" ಅಂದ.

ಆದದ್ದು ಹೀಗೆ. ಬಲೆ ಎಳೆದಾಗ ಭಾರ ಹೆಚ್ಚಿತ್ತು, ಒಳ್ಳೇ ಮೀನು ಬಿತ್ತು ಎಂದು ಎಲ್ಲರಿಗೂ ಸಂತೋಷ. ಮೇಲೆ ಬಂದಾಗ ನೋಡಿದರೆ ಇದು. ಬಾಲ ಬಡಿದರೆ ಬೋಟೇ ಅಲುಗುತ್ತಿತ್ತಂತೆ. ತಾಂಡೇಲ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಲೆ ಕೊಯ್ಯಿರಿ ಅಂದ. ಕೊಯ್ದರು. ಅದರ ಜೊತೆ ಒಳಗಿದ್ದ ಮೀನೂ ಹೋಯಿತು. ಬೋಟಿನವರಿಗೆ ಸಂಬಳ ಇಲ್ಲ, ಬಂದದ್ದರಲ್ಲಿ ಪಾಲು. ಬಲೆ ರಿಪೇರಿ ಕಳೆದು ಆ ವಾರ ಮಾವನ ಪಾಲಿಗೆ ಬಂದದ್ದು ಬಹಳ ಕಡಿಮೆ. ಯಾರೂ ಪರಿಹಾರ ಕೊಡಲಿಲ್ಲ, ಕೇಳುವುದು ಎಲ್ಲಿ ಎಂದೂ ಅವರಿಗೆ ಗೊತ್ತಿರಲಿಲ್ಲ.

"ಕೊಯ್ಯಾಕ ಮನಸ್ಸು ಬಂತಾ ಮಾವ?" ಅಂತ ಕೇಳಿದೆ.

"ಮನಸ್ಸಿನ ಮಾತು ಬ್ಯಾರೆ, ಹೊಟ್ಟಿ ಮಾತು ಬ್ಯಾರೆ. ಅದರ ಕಣ್ಣು ಸಣ್ಣದು ಐತಿ ನೋಡು, ನಮ್ಮನ್ನ ನೋಡಿಧಂಗ ಅನಸ್ತಿತ್ತು. ಆದ್ರ ನಿಮ್ಮತ್ತಿಗೆ ಫೋನಿನ್ಯಾಗ ರೊಕ್ಕ ಕಡಿಮಿ ಕಳಸ್ತೀನಿ ಅಂತ ಹೇಳೂದೂ ನಾನಽ ಅಲ್ಲೇನು?"

ಅತ್ತೆ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ಏನೂ ಅನ್ನಲಿಲ್ಲ. ಆ ತಿಂಗಳು ಅವಳು ಮಗನ ಫೀ ಕಟ್ಟಲು ಸಂಘದಲ್ಲಿ ಸಾಲ ತೆಗೆದಿದ್ದಳು ಅನ್ನುವುದು ನನಗೆ ಗೊತ್ತಿತ್ತು. ಪಟ್ಟಣದಲ್ಲಿ ಕೂತು ಮೀನುಗಾರರೇ ಸಮುದ್ರ ಹಾಳು ಮಾಡಿದರು ಎಂದು ಬರೆಯುವವರು ಒಂದು ಸಲ ಇಂಥ ಮನೆಗೆ ಬಂದು ಕೂರಬೇಕು. ನನ್ನ ಅಭಿಪ್ರಾಯ ಇದು, ತಪ್ಪೆನಿಸಿದರೆ ಗುರುಗಳು ತಿದ್ದಬಹುದು. ಮೀನು ಉಳಿಯುವುದರಿಂದ ಲಾಭ ಎಲ್ಲರಿಗೂ, ಬಲೆಯ ಖರ್ಚು ಮಾತ್ರ ಒಬ್ಬನಿಗೆ, ಇದು ನ್ಯಾಯವಲ್ಲ. ಗುಜರಾತಿನಲ್ಲಿ ಕೆಲಸ ಆದದ್ದು ಬಾಪು ಅವರ ಮಾತಿನಿಂದ ಅರ್ಧ, ಆ ಪರಿಹಾರದಿಂದ ಅರ್ಧ.

ರೆಕ್ಕೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಬರೆಯಲು ಕೈ ಬರುವುದಿಲ್ಲ. ಚೀನಾ ಕಡೆ ಮದುವೆ ಊಟಕ್ಕೆ ಶಾರ್ಕ್ ರೆಕ್ಕೆಯ ಸಾರು ಪ್ರತಿಷ್ಠೆಯ ಅಡುಗೆ. ರೆಕ್ಕೆಗೆ ಬೆಲೆ ಹೆಚ್ಚು, ಮಾಂಸಕ್ಕೆ ಕಡಿಮೆ, ಬೋಟಿನಲ್ಲಿ ಜಾಗ ಇಲ್ಲ. ಹೀಗಾಗಿ ಎಷ್ಟೋ ದೇಶದವರು ರೆಕ್ಕೆ ಕೊಯ್ದುಕೊಂಡು ಉಳಿದ ಮೀನನ್ನು ಜೀವ ಇರುವಾಗಲೇ ನೀರಿಗೆ ಎಸೆಯುತ್ತಿದ್ದರು. ರೆಕ್ಕೆ ಇಲ್ಲದ ಶಾರ್ಕ್ ಈಜಲಾರದೆ ತಳಕ್ಕೆ ಹೋಗಿ ಸಾಯುತ್ತದೆ. ನಮ್ಮ ದೇಶದಲ್ಲಿ 2013ರಲ್ಲಿ ರೆಕ್ಕೆ ಬೇರೆ ಮಾಡಿ ತರುವಂತಿಲ್ಲ, ಇಡೀ ಮೀನನ್ನೇ ದಡಕ್ಕೆ ತರಬೇಕು ಎಂದು ಆದೇಶವಾಯಿತು. 2015ರಲ್ಲಿ ರೆಕ್ಕೆ ರಫ್ತನ್ನೇ ನಿಷೇಧಿಸಿದರು. ಆ ರೆಕ್ಕೆಗೆ ಸ್ವಂತ ರುಚಿಯೇ ಇಲ್ಲವಂತೆ, ರುಚಿಯೆಲ್ಲ ಸಾರಿಗೆ ಹಾಕುವ ಕೋಳಿಯದು!

ಈಗ ಕಷ್ಟದ ಭಾಗ. ಗುಜರಾತ್ ಕಾಪಾಡಿತು ಎನ್ನೋಣ. ಮೀನು ಅಲ್ಲೇ ಇರುತ್ತದೆಯೇ? ಇಲ್ಲ. ನಮ್ಮ ಕುರಿಗಾರರು ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರಿಂದೂರಿಗೆ ಹೋಗುವುದಿಲ್ಲವೇ? ಒಂದು ಊರಿನವರು ಹೊಲದಲ್ಲಿ ತರುಬಲು ಕರೆದು ಕಾಳು ಕೊಡುತ್ತಾರೆ, ಮುಂದಿನ ಊರಿನಲ್ಲಿ ಕಳ್ಳರು ಕಾಯುತ್ತಿರುತ್ತಾರೆ. ಇವೂ ಹಾಗೇ. 2011ರಲ್ಲಿ ಪನಾಮಾ ದೇಶದ ಹತ್ತಿರ ಒಂದು ಹೆಣ್ಣು ತಿಮಿಂಗಿಲ ಶಾರ್ಕ್‌ಗೆ ವಿಜ್ಞಾನಿಗಳು ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರ ಕಟ್ಟಿದರು, ಆನ್ ಎಂದು ಹೆಸರಿಟ್ಟರು. ಅದು 841 ದಿನಗಳಲ್ಲಿ ಪೆಸಿಫಿಕ್ ಸಾಗರ ಪೂರ್ತಿ ದಾಟಿ, ಜಗತ್ತಿನಲ್ಲೇ ಆಳವಾದ ಮರಿಯಾನಾ ಕಂದಕದ ಕಡೆಗೆ ಹೋಯಿತು. ಒಟ್ಟು 20,000 ಕಿ.ಮೀ.ಗಿಂತ ಹೆಚ್ಚು. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದು ಭೂಗೋಳದಲ್ಲಿ ಓದಿದ್ದೇವೆ, ಅದರ ಅರ್ಧ!

ಒಂದು ದೇಶಕ್ಕೆ ತನ್ನ ದಡದಿಂದ 370 ಕಿ.ಮೀ.ವರೆಗೆ ಮಾತ್ರ ಮೀನಿನ ಮೇಲೆ ಹಕ್ಕು. ಆಚೆಗೆ ಯಾರದ್ದೂ ಅಲ್ಲ, ಗೋಮಾಳದ ಹಾಗೆ. ಗೋಮಾಳ ಯಾರದ್ದೂ ಅಲ್ಲ ಅಂದ ಮೇಲೆ ಏನಾಗುತ್ತದೆ ಎಂದು ನಮ್ಮೂರಿನವರಿಗೆ ನಾನು ಹೇಳಬೇಕಿಲ್ಲ. ಇದಕ್ಕಾಗಿ ದೇಶ ದೇಶಗಳ ನಡುವೆ ಒಪ್ಪಂದಗಳು ಬೇಕಾದವು. 2002ರಲ್ಲಿ ಇದರ ವಿದೇಶ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಲ್ಲಿ ಹಿಡಿತ ಹಾಕಿದರು. ವಲಸೆ ಪ್ರಾಣಿಗಳ ಒಪ್ಪಂದದಲ್ಲಿ 2017ರಲ್ಲಿ ಪೂರ್ಣ ರಕ್ಷಣೆಯ ಪಟ್ಟಿಗೆ ಸೇರಿಸಿದರು. ಯಾರದ್ದೂ ಅಲ್ಲದ ಸಮುದ್ರವನ್ನು ಕಾಯಲು 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಹೊಸ ಒಪ್ಪಂದವೂ ಆಯಿತು.

ಬಲೆ, ಕೊಕ್ಕೆಗಳಾದರೂ ಕಣ್ಣಿಗೆ ಕಾಣುತ್ತವೆ. ಕಾಣದ ಇನ್ನೊಂದು ಕೊಲೆ ಇದೆ, ಅದು ಹಡಗು. ನಮಗೆ ಬರುವ ಪೆಟ್ರೋಲು, ಅಡುಗೆ ಎಣ್ಣೆ, ರಸಗೊಬ್ಬರ ಎಲ್ಲ ಹಡಗಿನಲ್ಲೇ ಬರುವುದು. ತಿಮಿಂಗಿಲ ಶಾರ್ಕ್ ಬಹಳ ಹೊತ್ತು ನೀರಿನ ಮೇಲ್ಮೈಯಲ್ಲೇ ಇರುತ್ತದೆ, ವೇಗವೋ ನಮ್ಮ ನಡಿಗೆಯಷ್ಟು. ಹಡಗು ಬಂದರೆ ತಪ್ಪಿಸಿಕೊಳ್ಳಲಾರದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯಂತ್ರ ಕಟ್ಟಿದ ಮುನ್ನೂರಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳ ದಾರಿಯನ್ನೂ ದೊಡ್ಡ ಹಡಗುಗಳ ದಾರಿಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಅವು ಓಡಾಡುವ ಜಾಗದ ಶೇಕಡಾ 92ರಲ್ಲಿ ಹಡಗುಗಳೂ ಓಡಾಡುತ್ತಿದ್ದವು. ಹಡಗು ಹೆಚ್ಚಿರುವ ಕಡೆಯಲ್ಲೇ ಯಂತ್ರಗಳು ಥಟ್ಟನೆ ಸುಮ್ಮನಾಗುತ್ತಿದ್ದವು. ಕೆಲವು ಯಂತ್ರಗಳು ಕೊನೆಗೆ ತಿಳಿಸಿದ್ದು ಏನೆಂದರೆ, ಮೀನು ನಿಧಾನವಾಗಿ ಕೆಳಗೆ ಕೆಳಗೆ ಇಳಿದು ಸಮುದ್ರದ ತಳ ಸೇರಿತು ಎಂದು. ತಿಮಿಂಗಿಲ ಸತ್ತರೆ ಕೆಲವೊಮ್ಮೆ ತೇಲುತ್ತದೆ, ದಡಕ್ಕೆ ಬಂದು ಬೀಳುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಶಾರ್ಕ್ ಸತ್ತರೆ ಮುಳುಗುತ್ತದೆ. ಅದಕ್ಕೇ ಇಷ್ಟು ವರ್ಷ ಈ ಸಾವುಗಳನ್ನು ಯಾರೂ ಎಣಿಸಲಿಲ್ಲ. ಅವು ಸೇರುವ ಜಾಗಗಳಲ್ಲಿ ಹಡಗುಗಳು ವೇಗ ಇಳಿಸಬೇಕು, ಇಲ್ಲವೇ ಸ್ವಲ್ಪ ಸುತ್ತಿ ಹೋಗಬೇಕು ಎಂದು ಆ ವಿಜ್ಞಾನಿಗಳು ಕೇಳುತ್ತಿದ್ದಾರೆ. ನಮ್ಮ ಶಾಲೆಯ ಮುಂದೆ ರಸ್ತೆಗೆ ಹಂಪು ಹಾಕಿದ್ದಾರಲ್ಲ, ಹಾಗೆ.

ಈ ಲೇಖನದ ಪಕ್ಕದಲ್ಲಿ ಅಂಟಿಸಿದ ಚಿತ್ರವನ್ನು ನಮ್ಮ ತರಗತಿಯ ಗೆಳತಿ ಬರೆದಿದ್ದಾಳೆ. ಚುಕ್ಕೆ ಎಣಿಸುತ್ತಾ ಬೆರಳು ಒತ್ತಬೇಡಿ, ಬಣ್ಣ ಇನ್ನೂ ಹಸಿ ಇದೆ. ಮಾವ ಆಗಸ್ಟ್ ಒಂದಕ್ಕೆ ಮತ್ತೆ ಮಲ್ಪೆಗೆ ಹೋಗುತ್ತಾನೆ. ಗುಜರಾತಿನ ಪರಿಹಾರದ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟಿದ್ದೇನೆ, ತಾಂಡೇಲನಿಗೆ ಓದಿ ಹೇಳುತ್ತಾನಂತೆ. ಮುಂದಿನ ತಿಂಗಳ ಪತ್ರಿಕೆಯಲ್ಲಿ ಹತ್ತನೇ ತರಗತಿಯವರು ಕಡಲಾಮೆಯ ಬಗ್ಗೆ ಬರೆಯುತ್ತಾರೆ.